ಗಳ ಹಿಡಿದವಳು

ಆ ದಂಡೆಯಲ್ಲಿ ಮೀನಿನ ಜಾಗ ಎಲ್ಲಿ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಕೇಳುವವನಿಗೂ ಅದು ಗೊತ್ತು. ಬುಟ್ಟಿ ತುಂಬ ಮೀನು ತಂದವನನ್ನು ಎಲ್ಲಿ ಸಿಕ್ಕಿತು ಎಂದು ಕೇಳುವುದು ಊಟ ಆಯಿತಾ ಎಂದು ಕೇಳಿದ ಹಾಗೆ, ಬರೀ ಮಾತಿಗೆ. ಅವನು ಒಂದು ಗುರುತು ಪಕ್ಕಕ್ಕೆ ಸರಿಸಿ ಹೇಳುತ್ತಾನೆ. ಇವನು ಹೌದಾ ಎಂದು ತಲೆಯಾಡಿಸಿ ತನ್ನ ದಾರಿ ಹಿಡಿಯುತ್ತಾನೆ. ಹೇಳಿದ ಜಾಗವನ್ನು ನಂಬಿ ದೋಣಿ ಬಿಡುವಷ್ಟು ದಡ್ಡ ಅಲ್ಲಿ ಹುಟ್ಟಿರಲಿಲ್ಲ.

ಗುರುತು ಅಂದರೆ ದಡದ ಮೇಲಿನ ಗುರುತು. ನೀರಿನ ಮೇಲೆ ಗೆರೆ ಎಳೆಯಲು ಆಗುವುದಿಲ್ಲವಲ್ಲ. ಐಸ್ ಕಾರ್ಖಾನೆಯ ಚಿಮಣಿ ಯಾವುದರ ಹಿಂದೆ ಬಂದು ನಿಂತಿತು, ದೀಪಸ್ತಂಭ ಬೋಳುಗುಡ್ಡದ ಯಾವ ಕಡೆಗೆ ಸರಿಯಿತು, ಹೀಗೆ ಎರಡು ಜೋಡಿ ಗುರುತು ಕಣ್ಣಿಗೆ ಕೂಡಿಬಂದ ಕಡೆ ಹುಟ್ಟು ನಿಲ್ಲಿಸಿದರೆ ಕೆಳಗೆ ಬಂಡೆ ಇರುತ್ತದೆ. ಬಂಡೆ ಇದ್ದಲ್ಲಿ ಮೀನು. ಅಪ್ಪ ಮಗನಿಗೆ ಬಿಟ್ಟುಹೋಗುವ ಆಸ್ತಿ ಇದು. ಮಗಳಿಗೆ ಕೊಡುವುದಿಲ್ಲ, ಅವಳು ಇನ್ನೊಬ್ಬರ ದೋಣಿಗೆ ಹೋಗುವವಳು.

ಗಳದವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಇದ್ದವಳು ಇವಳೊಬ್ಬಳು. ಗಂಡನ ಮನೆಗೆ ಹೋಗಿ ನಾಲ್ಕೇ ವರ್ಷಕ್ಕೆ, ಬೆನ್ನಿನ ಮೇಲೆ ಬಾಸುಂಡೆ ಹೊತ್ತು ವಾಪಸಾದವಳು. ಬಿದಿರಿನ ಗಳದ ಹಾಗೆ ಉದ್ದಕ್ಕೆ ಬೆಳೆದಿದ್ದಳೆಂದು ಚಿಕ್ಕಂದಿನಲ್ಲೇ ಗಳ ಎಂದು ಹೆಸರು ಬಿದ್ದಿತ್ತು. ಇಳಿತದ ಹೊತ್ತಿಗೆ ಕೆಸರಿನಲ್ಲಿ ಮೊಣಕಾಲುದ್ದ ಇಳಿದು ಚಿಪ್ಪು ಹೆಕ್ಕುವುದು ಅವಳ ಕೆಲಸ. ಅವಳ ಜೊತೆಗೆ ಅಮ್ಮನ ತಂಗಿ, ಚಿಕ್ಕಮ್ಮ. ಅಮ್ಮ ತೀರಿದ ಮೇಲೆ ಇವಳ ತಲೆ ಬಾಚಿ ದೊಡ್ಡವಳನ್ನಾಗಿ ಮಾಡಿದ್ದು ಅದೇ ಚಿಕ್ಕಮ್ಮ.

ದೊಡ್ಡ ಬೋಟುಗಳು ದಡದ ತನಕ ಬಂದು ತಳವನ್ನೇ ಕೆರೆದುಕೊಂಡು ಹೋದವು. ಹುಟ್ಟಿನ ದೋಣಿಯವರಿಗೆ ಬಲೆ ತೊಳೆಯುವುದಷ್ಟೇ ಉಳಿಯಿತು. ಆಗ ಬಂತು ಯೋಜನೆ. ಕಾಂಕ್ರೀಟಿನ ಟೊಳ್ಳು ಪೆಟ್ಟಿಗೆಗಳನ್ನು ಮಾಡಿ ಮುಳುಗಿಸುತ್ತಾರಂತೆ, ಅದರೊಳಗೆ ಮೀನು ಮನೆ ಮಾಡುತ್ತದಂತೆ, ದೊಡ್ಡ ಬೋಟಿನ ಬಲೆ ಅದಕ್ಕೆ ಸಿಕ್ಕಿ ಹರಿಯುತ್ತದಂತೆ. ಆ ಪೆಟ್ಟಿಗೆಗೆ ದಂಡೆಯವರು ಕಲ್ಲು ಎಂದೇ ಹೆಸರಿಟ್ಟರು. ದಂಡೆ ನಂಬಿತು. ಹಸಿದವರು ನಂಬದೆ ಏನು ಮಾಡುತ್ತಾರೆ.

ಯೋಜನೆಯ ಕಚೇರಿಯಿಂದ ಅಳತೆಯವನು ಬಂದದ್ದು ಬಿಸಿಲಿನ ಹೊತ್ತಿಗೆ. ಇಸ್ತ್ರಿ ಅಂಗಿ, ಕೈಯಲ್ಲಿ ಪುಸ್ತಕ. ಮಗುಚಿಟ್ಟ ದೋಣಿಯ ನೆರಳಿನಲ್ಲಿ ಅಪ್ಪ ಬಲೆ ಹೆಣೆಯುತ್ತಿದ್ದ. ಮೊಣಕಾಲು ಹೋದ ಮೇಲೆ ಅದೇ ಅವನ ಜಾಗ. ಹಿರಿಯರೇ, ಮೀನು ಸೇರುವ ಗಟ್ಟಿ ತಳ ಎಲ್ಲಿದೆ ಎಂದು ಅಳತೆಯವನು ಕೇಳಿದ. ಅಪ್ಪ ತಲೆ ಎತ್ತಲಿಲ್ಲ. ಐವತ್ತು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಹೊರಳಿತು. ಚಿಮಣಿಯ ಹಿಂದೆ ನೀರಿನ ಟ್ಯಾಂಕು ಬರಬೇಕು, ದೀಪಸ್ತಂಭ ಬೋಳುಗುಡ್ಡದ ಎಡಕ್ಕೆ, ಎಂದ.

ಅಳತೆಯವನು ಹೌದಾ ಎಂದು ತನ್ನ ದಾರಿ ಹಿಡಿಯಲಿಲ್ಲ. ಬರೆದುಕೊಂಡ.

ಒಂದು ವರ್ಷ ಬಿಟ್ಟು ತಳ ಪರೀಕ್ಷೆ. ಚಿಕ್ಕಮ್ಮ ಹುಟ್ಟು ಹಾಕಿದಳು. ಹಿಂದೆ ಅಳತೆಯವನು, ಕಲ್ಲು ಮಾಡಿಸುವ ಗುತ್ತಿಗೆದಾರ. ಮುಂದೆ ಇವಳು, ಕೈಯಲ್ಲಿ ಮೂರು ಆಳುದ್ದದ ಬಿದಿರಿನ ಗಳ, ಮೊಳಕ್ಕೊಂದು ಕೆಂಪು ಪಟ್ಟಿ. ಇಷ್ಟು ಉದ್ದದ ಗಳವನ್ನು ನೇರ ಹಿಡಿಯಲು ಉದ್ದದ ಆಳು ಬೇಕಿತ್ತು, ಅದಕ್ಕೇ ಇವಳನ್ನು ಕರೆದಿದ್ದರು. ಇಳಿತ ಮುಗಿದು ಉಬ್ಬರ ಶುರುವಾಗುವ ಮೊದಲು ನೀರು ನಿಲ್ಲುವುದು ಅರ್ಧ ಗಂಟೆ ಮಾತ್ರ. ಅಷ್ಟರೊಳಗೆ ಮುಗಿಸಬೇಕು.

ಎರಡು ಆಳಿಗೆ ತಳ ಮುಟ್ಟಿತು. ಮುಟ್ಟಿ ನಿಲ್ಲಲಿಲ್ಲ. ಇವಳು ಒತ್ತಲೇ ಇಲ್ಲ, ಗಳ ತನ್ನ ಭಾರಕ್ಕೆ ತಾನೇ ಇಳಿಯಿತು. ಬೆಣ್ಣೆಗೆ ಚಾಕು ಹಾಕಿದ ಹಾಗೆ. ಒಂದು ಪಟ್ಟಿ, ಎರಡು ಪಟ್ಟಿ, ನಾಲ್ಕು ಪಟ್ಟಿ. ಕೊನೆಯ ಪಟ್ಟಿ ಅಂಗೈಯಲ್ಲಿ ಮುಚ್ಚಿಹೋಯಿತು. ಆಚೆ ಹತ್ತು ಮಾರು ಸರಿದು ಹಾಕಿದಳು, ಅಲ್ಲೂ ಅದೇ. ಈಚೆ ಹಾಕಿದಳು, ಅಲ್ಲೂ ಅದೇ.

"ಸಾರ್, ತಳ ಇಲ್ಲ ಇಲ್ಲಿ. ಬರೀ ಕೆಸರು. ಕಲ್ಲು ಹಾಕಿದ್ರೆ ಹೂತು ಹೋಗತ್ತೆ," ಎಂದಳು.

ಅಳತೆಯವನು ಗುತ್ತಿಗೆದಾರನ ಮುಖ ನೋಡಿದ. ಗುತ್ತಿಗೆದಾರ ದಡದ ಕಡೆ ನೋಡಿದ. ಜಾಗದ ಕಾಗದ ಆಗಲೇ ಮೇಲಿನ ತನಕ ಹೋಗಿ ಮೊಹರು ಬಿದ್ದು ಬಂದಾಗಿದೆ, ಈಗ ಬೇರೆ ಜಾಗ ಅಂದರೆ ಇನ್ನೊಂದು ವರ್ಷ, ಎಂದ. ಮೇಲಾಗಿ ಇದು ದಡಕ್ಕೆ ಹತ್ತಿರ, ನೀರು ನಿಂತ ಒಂದೇ ಗಳಿಗೆಯಲ್ಲಿ ಎರಡು ಕಲ್ಲು ಇಳಿಸಬಹುದು, ಎಂದ. ಇವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಇಬ್ಬರೂ ಮಾತಾಡಿಕೊಂಡರು. ಇವಳು ಮತ್ತೊಮ್ಮೆ ಬಾಯಿ ತೆರೆದಾಗ ಗುತ್ತಿಗೆದಾರ ತಿರುಗಿದ.

"ನಿನ್ನ ಕರೆದಿದ್ದು ಗಳ ಹಿಡಿಯೋಕೆ. ಈ ದೋಣಿ ಮಾತು ದಡಕ್ಕೆ ಹೋದ್ರೆ ನಾಳೆಯಿಂದ ಇಬ್ಬರೂ ಕೆಲಸಕ್ಕೆ ಬರಬೇಡಿ."

ಅಳತೆಯವನು ಪುಸ್ತಕದಲ್ಲಿ ಬರೆದ. ಇವಳು ನಾಲ್ಕನೇ ಕ್ಲಾಸಿನ ತನಕ ಓದಿದವಳು. ತಲೆಕೆಳಗಾಗಿ ಕಂಡರೂ ಅಕ್ಷರ ಅಕ್ಷರವೇ. ಗಟ್ಟಿ ಮರಳು, ಎಂದು ಬರೆದಿದ್ದ.

ಚಿಕ್ಕಮ್ಮ ಹುಟ್ಟು ಹಾಕುತ್ತಲೇ ಕಣ್ಣಲ್ಲಿ ಬೇಡ ಅಂದಳು. ಇವಳು ಬಾಯಿ ಮುಚ್ಚಿಕೊಂಡಳು. ಓದಿದವರು, ಏನೋ ಉಪಾಯ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅಪ್ಪ ತೋರಿಸಿದ ಜಾಗದಲ್ಲಿ ಬಂಡೆ ಇರಬೇಕಿತ್ತು, ಕೆಸರು ಬಂದು ಮುಚ್ಚಿರಬೇಕು ಎಂದುಕೊಂಡಳು. ಮನೆಗೆ ಬಂದು ಅಪ್ಪನಿಗೂ ಹೇಳಲಿಲ್ಲ. ಹೊಟ್ಟೆಪಾಡು ಬಾಯಿಗೆ ಹಾಕುವ ಬೀಗ ಬಲು ಗಟ್ಟಿ.

ಎಂಟು ತಿಂಗಳು ಇಪ್ಪತ್ತು ಹೆಂಗಸರು ಕಲ್ಲು ಎರೆದರು. ಎದೆಮಟ್ಟದ ಪೆಟ್ಟಿಗೆ, ಸುತ್ತ ಎಂಟು ತೂತು. ತೂತಿನ ಜಾಗದಲ್ಲಿ ಎಣ್ಣೆ ಸವರಿದ ಕೊಳವೆ ಇಟ್ಟು ಕಾಂಕ್ರೀಟು ಸುರಿಯಬೇಕು, ಹದ ನೋಡಿ ಕೊಳವೆ ಎಳೆಯಬೇಕು. ಬೇಗ ಎಳೆದರೆ ತೂತು ಕುಸಿಯುತ್ತದೆ. ತಡವಾದರೆ ಕೊಳವೆ ಬರುವುದಿಲ್ಲ. ಆ ಹದ ಇಡೀ ಅಂಗಳದಲ್ಲಿ ಗೊತ್ತಿದ್ದದ್ದು ಇವಳ ಕೈಯ ಹಿಂಬದಿಗೆ. ಹಸಿ ಸಿಮೆಂಟಿನ ಮೇಲೆ ಕೈ ಇಟ್ಟು ಈಗ ಎಳೀರಿ ಅಂದರೆ ಎಳೆಯುತ್ತಿದ್ದರು. ಮೀನಿಗೆ ಎಂಟು ಕಿಟಕಿ, ನಮ್ಮನೆಗೆ ಇರೋದು ಒಂದು, ಅದಕ್ಕೂ ಗೋಣಿಚೀಲ, ಎಂದು ಚಿಕ್ಕಮ್ಮ ನಗಿಸುತ್ತಿದ್ದಳು.

ಸಿಮೆಂಟು ಕೈ ತಿಂದಿತು. ಮೊದಲು ಉಗುರಿನ ಸಂದು, ಆಮೇಲೆ ಬೆರಳ ತುದಿ. ಅನ್ನ ಕಲೆಸಿದರೆ ಉರಿ. ಕೈಗವಸು ಕೇಳಿದರೆ ಬರುತ್ತದೆ ಅಂದರು, ಬರಲಿಲ್ಲ. ಕಲ್ಲಿಗೆ ದಿನಕ್ಕೆ ಮೂರು ಸಲ ಟ್ಯಾಂಕರಿನ ಸಿಹಿನೀರು ಹೊಡೆಯಬೇಕಿತ್ತು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಆ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದ ಹೆಂಗಸನ್ನು ಮೇಸ್ತ್ರಿ ಎಲ್ಲರೆದುರು ಬೈದ. ಅವರ ಬೀದಿಯ ನಲ್ಲಿಯಲ್ಲಿ ನೀರು ಬಂದು ಆಗ ಆರು ದಿನ ಆಗಿತ್ತು. ಕಲ್ಲಿಗೆ ಬಾಯಾರಿದರೆ ಟ್ಯಾಂಕರು, ಹೆಂಗಸಿಗೆ ಬಾಯಾರಿದರೆ ಬೈಗುಳ.

ಇನ್ನೂರ ಹದಿನಾಲ್ಕು ಕಲ್ಲು. ಪ್ರತಿಯೊಂದನ್ನೂ ಇವಳು ಸವರಿದ್ದಳು. ಚಪ್ಪಟೆ ತಳದ ಬಾರ್ಜು ಅವನ್ನು ಹೊತ್ತು ಹೊರಟಾಗಲೆಲ್ಲ ಇವಳು ಬೆನ್ನು ತಿರುಗಿಸಿ ಮುಂದಿನ ಕೊಳವೆಗೆ ಎಣ್ಣೆ ಸವರುತ್ತಿದ್ದಳು.

ಕೊನೆಯ ಕಲ್ಲು ಇಳಿಸಿದ ಆರು ತಿಂಗಳಲ್ಲಿ ಎಲ್ಲ ಮುಗಿಯಿತು. ಮುಳುಗುಗಾರರನ್ನು ಇಳಿಸಿ ನೋಡಿದರು. ಒಂದೆರಡು ಕಲ್ಲಿನ ಮೂಲೆ ಮಾತ್ರ ಕೆಸರಿನ ಮೇಲೆ ಕಂಡಿತಂತೆ. ಉಳಿದವು ಒಳಗೆ. ಅಷ್ಟಕ್ಕೇ ನಿಂತಿದ್ದರೆ ನೀರಿನಲ್ಲಿ ಹೋಮ ಎಂದು ಸುಮ್ಮನಾಗಬಹುದಿತ್ತು. ಅಷ್ಟು ಭಾರ ಬಿದ್ದ ಕೆಸರು ಉಬ್ಬರದ ಜೊತೆ ಸರಿದು ಬಂದು ಚಿಪ್ಪಿನ ಬಯಲನ್ನು ಮುಚ್ಚಿತು. ಹೆಂಗಸರು ಕಾಲಿಟ್ಟರೆ ತೊಡೆಯ ತನಕ ಕುಸಿತ. ಒಂದು ಚಿಪ್ಪಿಲ್ಲ. ಅವರ ಕೈಯಿಂದಲೇ ಎರೆಸಿದ ಕಲ್ಲು ಅವರ ಅನ್ನದ ಮೇಲೆಯೇ ಬಿತ್ತು.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಯೋಜನೆಯವರು ಅಂಗಳ ತೋರಿಸಿದವನೇ ಡೊಂಕು ಅಂದರು. ಜಾಗ ಹೇಳಿದ್ದು ಯಾರು? ಆ ಮುದುಕ. ಗುತ್ತಿಗೆದಾರನ ಬಾಯಿಂದ ಹೊರಟ ಮಾತು ಸಂಜೆಯೊಳಗೆ ದಂಡೆ ಸುತ್ತಿತು. ನೂರು ಸಲ ಸುಳ್ಳು ಹೇಳಿ ನೂರು ಸಲ ಸುಳ್ಳು ಕೇಳಿದ ಗಂಡಸರೇ, ಯೋಜನೆಯವರಿಗೂ ಸುಳ್ಳು ಹೇಳುವುದಾ ಎಂದು ಅಪ್ಪನ ಮುಖ ನೋಡುವುದನ್ನು ಬಿಟ್ಟರು. ಅವನು ಬಲೆ ಹೆಣೆಯುವ ನೆರಳಿಗೆ ಯಾರೂ ಬಂದು ಕೂರಲಿಲ್ಲ.

ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮೂರು ತಿಂಗಳು ಹಾಗೇ ಮಲಗಿದ. ಜ್ವರ ಇಲ್ಲ, ನೋವು ಇಲ್ಲ. ಗಂಜಿ ಕೊಟ್ಟರೆ ಎರಡು ಗುಟುಕು. ಇವಳು ಊರ ಬಾಯಿಗೆ ಹೆದರಿದ ಎಂದುಕೊಂಡಳು. ಅಪ್ಪ ಹೇಳಿದ್ದು ನಿಜವಾದ ಗುರುತೇ ಎಂದು ಅವಳು ಆಗಲೂ ನಂಬಿದ್ದಳು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಗಳದ ವಿಷಯವನ್ನು ದಿನವೂ ನಾಲಿಗೆಯ ತುದಿಗೆ ತಂದು ನುಂಗಿದಳು. ಹೇಳಿದರೆ, ಆಗಲೇ ಯಾಕೆ ಹೇಳಲಿಲ್ಲ ಎಂದು ಅಪ್ಪ ಕೇಳಿದರೆ ಏನು ಉತ್ತರ ಕೊಡುವುದು? ಆ ನಾಚಿಕೆಯೇ ಅವಳನ್ನು ಕಟ್ಟಿಹಾಕಿತು. ಅದಕ್ಕೆ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಲ್ಲ.

ಒಂದು ಮಧ್ಯಾಹ್ನ ಅಪ್ಪ ಈ ಕಡೆ ತಿರುಗಿದ. ಹತ್ತಿರ ಬಾ ಅಂದ.

"ಟ್ಯಾಂಕಲ್ಲ ಮಗಳೇ. ಚಿಮಣಿ ಹಿಂದೆ ಶಾಲೆ ಸೂರಿನ ಮೂಲೆ. ದೀಪಸ್ತಂಭ ಗುಡ್ಡದ ಬಲಕ್ಕೆ. ನಮ್ಮಪ್ಪ ನನಗೆ ಕೊಟ್ಟಿದ್ದು. ಬಾಯಿ ತಪ್ಪಿ ಅವನಿಗೆ ಬೇರೆ ಹೇಳಿಬಿಟ್ಟೆ. ಅವನು ಬರ್ಕೊಂಡುಬಿಟ್ಟ. ನನ್ನ ನಾಲಿಗೆ ಅಷ್ಟು ಜನರ ಅನ್ನ ತಿಂತು."

ಇವಳು ಚಾಪೆಯ ಅಂಚಿಗೆ ಕೂತಳು. ಆಗ ಎಲ್ಲ ಹೇಳಿದಳು. ಗಳ ಇಳಿದದ್ದು, ಕೊನೆಯ ಪಟ್ಟಿ ಅಂಗೈಯಲ್ಲಿ ಮುಚ್ಚಿದ್ದು, ಗಟ್ಟಿ ಮರಳು ಎಂದು ಅವನು ಬರೆದದ್ದು. ನಿನ್ನ ಸುಳ್ಳು ಆವತ್ತೇ ಬಯಲಾಗಿತ್ತಪ್ಪ, ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಹಾಕಿದರು ಎಂದಳು. ಅಪ್ಪ ಕೇಳುತ್ತಾ ಕೇಳುತ್ತಾ ಮೂರು ತಿಂಗಳ ಮೇಲೆ ಮೊದಲ ಸಲ ನಕ್ಕ. ಅವಳ ಬಿರುಕುಬಿಟ್ಟ ಕೈಯನ್ನು ತಟ್ಟಿದ.

"ನನ್ನ ಮಗಳಲ್ವಾ ನೀನು. ಸುಳ್ಳು ಎಷ್ಟು ಚೆನ್ನಾಗಿ ಹೇಳ್ತೀಯ."

ಸುಳ್ಳಲ್ಲಪ್ಪ, ನಿನ್ನಾಣೆ ಎಂದಳು. ಆಣೆ ಗೀಣೆ ಎಲ್ಲ ನಾನೂ ಹಾಕಿದವನೇ ಎಂದು ಮತ್ತೆ ಗೋಡೆಗೆ ತಿರುಗಿದ. ಚಿಕ್ಕಮ್ಮನನ್ನು ಕರೆತಂದು ಕೂರಿಸಿದಳು. ಹೌದು ಭಾವ, ನಾನೇ ಹುಟ್ಟು ಹಾಕಿದ್ದು, ಅವಳು ಹೇಳೋದು ನಿಜ ಎಂದಳು ಚಿಕ್ಕಮ್ಮ. ಇಬ್ಬರೂ ಸೇರಿ ಮಾತಾಡಿಕೊಂಡು ಬಂದಿದ್ದೀರಿ ಎಂದ ಅಪ್ಪ. ಇಡೀ ಬದುಕು ಸುಳ್ಳನ್ನು ಹೇಳಿ, ಸುಳ್ಳನ್ನು ಕೇಳಿ ನಡೆಸಿದವನಿಗೆ ನಿಜ ಬಂದು ಮಗ್ಗುಲಲ್ಲಿ ಕೂತರೂ ಗುರುತು ಸಿಗಲಿಲ್ಲ. ಮಾರನೆಯ ದಿನ ಇಳಿತದ ಹೊತ್ತಿಗೆ ಹೋದ. ತಾನೇ ಎಲ್ಲರ ಅನ್ನ ತಿಂದೆ ಎಂದುಕೊಂಡೇ ಹೋದ.

ಹತ್ತು ದಿನಕ್ಕೆ ಕಚೇರಿಯಿಂದ ಕರೆ ಬಂತು. ವಿಚಾರಣೆ ಮುಗಿಸಬೇಕಂತೆ. ಹೊರಗಿನ ಬೆಂಚಿನ ಮೇಲೆ ಚಿಕ್ಕಮ್ಮ ಕೂತಿದ್ದಳು. ಅವಳ ಹೆಬ್ಬೆರಳು ಕಪ್ಪಾಗಿತ್ತು. ಇವಳು ಆ ಬೆರಳು ನೋಡಿದಳು. ಚಿಕ್ಕಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಒತ್ತಿ ಬಂದೆ ಕಣೇ. ಒತ್ತಿದ್ರೆ ಕಲ್ಲಿನ ಕೆಲಸ ಮತ್ತೆ ಶುರು ಮಾಡ್ತಾರಂತೆ. ಸತ್ತೋರು ಎದ್ದು ಬಂದು ಕೇಳ್ತಾರಾ? ನೀನೂ ಒತ್ತಿಬಿಡು."

ಇವಳು ಒಳಗೆ ಹೋದಳು. ಮೇಜಿನ ಹಿಂದೆ ಕನ್ನಡಕದ ಅಧಿಕಾರಿ, ಪಕ್ಕದಲ್ಲಿ ಅಳತೆಯವನು, ಮೂಲೆಯಲ್ಲಿ ಗುಮಾಸ್ತ. ಕುರ್ಚಿಯ ಮೇಲೆ ಹಳೇ ಪೇಪರು ಹಾಸಿದ್ದರು, ವಾಸನೆ ಹತ್ತಬಾರದೆಂದು. ಇವಳು ನಿಂತೇ ಇದ್ದಳು. ಗುಮಾಸ್ತ ಓದಿದ. ಮೃತ ವ್ಯಕ್ತಿ ಬೇಕೆಂದೇ ತಪ್ಪು ಜಾಗ ತೋರಿಸಿ ಯೋಜನೆಯನ್ನು ಹಾಳುಮಾಡಿದ, ಇದನ್ನು ಅವನ ಮನೆಯವರು ಒಪ್ಪಿದ್ದಾರೆ. ಓದಿ ಮುಗಿಸಿ ಮಸಿ ಡಬ್ಬಿಯನ್ನು ಇವಳ ಕಡೆ ತಳ್ಳಿದ.

ಅಧಿಕಾರಿ ಮೆತ್ತಗೆ ಕೇಳಿದ, ನಿಮ್ಮಪ್ಪ ಸುಳ್ಳು ಹೇಳಿದ್ದು ನಿಜ ತಾನೇ ಎಂದು. ನಿಜ, ಎಂದಳು. ಮತ್ತೇನು, ಒತ್ತು, ಎಂದ.

"ನಮ್ಮಪ್ಪ ಸುಳ್ಳು ಹೇಳಿದ್ದು ಇದರಲ್ಲಿದೆ. ನಾನು ನಿಜ ಹೇಳಿದ್ದು ಎಲ್ಲಿದೆ?"

ಅಧಿಕಾರಿಗೆ ಅರ್ಥವಾಗಲಿಲ್ಲ. ಇವಳು ಅಳತೆಯವನ ಕಡೆ ತಿರುಗಿದಳು.

"ಗಳ ಹಿಡಿದಿದ್ದು ನಾನು. ತಳ ಇಲ್ಲ ಅಂದಿದ್ದು ನಾನು. ಗಟ್ಟಿ ಮರಳು ಅಂತ ಬರೆದಿದ್ದು ನೀವು. ನಾನು ಓದಿದೀನಿ ಸಾರ್."

ಇವಳಿಗೆ ಓದಲು ಬರುತ್ತದಾ ಎಂದು ಅಧಿಕಾರಿ ಅಳತೆಯವನನ್ನು ಕೇಳಿದ. ಇವಳನ್ನು ಕೇಳಲಿಲ್ಲ. ಅಳತೆಯವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದ. ಸಾಕ್ಷಿ ಯಾರು ಎಂದ. ಇವಳು ಬಾಗಿಲ ಕಡೆ ನೋಡಿದಳು. ಬಾಗಿಲಾಚೆ ಕಪ್ಪು ಬೆರಳು ಮುಚ್ಚಿಕೊಂಡು ಕೂತವಳ ಹೆಸರು ಅವಳ ಬಾಯಿಂದ ಬರಲಿಲ್ಲ.

"ಗಳ ಇದೆ. ಕೆಸರೂ ಅಲ್ಲೇ ಇದೆ. ಬನ್ನಿ, ನೀವೇ ಹಿಡಿದು ನೋಡಿ."

ಗುಮಾಸ್ತ ನಕ್ಕ. ಸುಳ್ಳುಗಾರನ ಮಗಳ ಮಾತು ಕೇಳಿ ಸಮುದ್ರಕ್ಕೆ ಇಳಿಯಬೇಕಾ ಎಂದ. ಅಪ್ಪ ನಂಬದಿದ್ದದ್ದು ಇದೇ ಕಾರಣಕ್ಕೆ, ಇವರೂ ನಂಬದಿದ್ದದ್ದು ಇದೇ ಕಾರಣಕ್ಕೆ. ಆದರೆ ಅಪ್ಪ ನಂಬದಿದ್ದದ್ದು ಪ್ರೀತಿಯಿಂದ, ತನ್ನ ಸಮಾಧಾನಕ್ಕೆ ಹೇಳುತ್ತಾಳೆ ಎಂದು.

ಅಧಿಕಾರಿ ಕನ್ನಡಕ ತೆಗೆದ. ಹೋಗಲಿ, ನಿಜವಾದ ಜಾಗ ನಿನಗೆ ಗೊತ್ತಿದ್ದರೆ ಈಗ ಹೇಳು, ಮನೆಯವರು ಸಹಕರಿಸಿದರು ಎಂದು ಒಂದು ಸಾಲು ಸೇರಿಸೋಣ, ಮುಂದಿನ ಕಲ್ಲು ಅಲ್ಲಿ ಹಾಕೋಣ, ಎಂದ. ಅಳತೆಯವನು ಪುಸ್ತಕ ತೆರೆದ. ಅದೇ ಪುಸ್ತಕ.

ಶಾಲೆಯ ಸೂರಿನ ಮೂಲೆ ಅವಳ ನಾಲಿಗೆಯ ಮೇಲಿತ್ತು. ಹೇಳಿದರೆ ಕೆಲಸ ಇದೆ, ಚಿಕ್ಕಮ್ಮನ ಮನೆಯ ಒಲೆ ಇದೆ, ಇಪ್ಪತ್ತು ಹೆಂಗಸರ ಒಲೆ ಇದೆ. ಅಪ್ಪನ ಹೆಸರಿನ ಮೇಲಿನ ಮಸಿ ಮಾತ್ರ ಹೋಗುವುದಿಲ್ಲ, ಅದರ ಕೆಳಗೆ ಒಂದು ಸಾಲು ಸೇರುತ್ತದೆ, ಅಷ್ಟೇ.

"ಬರ್ಕೊಳ್ಳೋ ಮನಸ್ಸಿದ್ದಿದ್ರೆ ಆವತ್ತೇ ಬರ್ಕೋಬಹುದಿತ್ತು," ಎಂದಳು. ಮಸಿ ಡಬ್ಬಿಯನ್ನು ವಾಪಸು ತಳ್ಳಿದಳು. ಹೆಬ್ಬೆರಳನ್ನು ಅವರ ಮುಖದೆದುರು ಹಿಡಿದಳು. "ಇದರಲ್ಲಿ ಗೆರೆ ಇಲ್ಲ ಸಾರ್. ನಿಮ್ಮ ಸಿಮೆಂಟೇ ತಿಂತು. ಒತ್ತಿದ್ರೂ ನಂದು ಅಂತ ಆಗಲ್ಲ. ಸಹಿ ಹಾಕೋಕೆ ಬರತ್ತೆ ನಂಗೆ. ಹಾಕಲ್ಲ."

ಮಾರನೆಯ ದಿನವೇ ಕಲ್ಲಿನ ಅಂಗಳಕ್ಕೆ ಬೀಗ ಬಿತ್ತು. ಒಬ್ಬಳು ಸಹಿ ಹಾಕದ್ದಕ್ಕೆ ಇಪ್ಪತ್ತು ಜನರಿಗೆ ಮತ್ತೆ ಸಿಗಬೇಕಿದ್ದ ಕೆಲಸ ಹೋಯಿತು ಎಂದು ಮೇಸ್ತ್ರಿಯೇ ಬೀದಿ ಬೀದಿ ಹೇಳಿಕೊಂಡು ಬಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಲ್ಲಿಯ ಹತ್ತಿರ ಹೆಂಗಸರು ಇವಳ ಕೊಡ ಪಕ್ಕಕ್ಕೆ ಇಟ್ಟರು. ಇವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಮನೆಯಲ್ಲಿ ಅಪ್ಪ ಮಲಗಿದ್ದ ಗೋಡೆಯ ಮೇಲೆ ಅವನ ತಲೆ ತಾಗಿ ತಾಗಿ ಎಣ್ಣೆಯ ಕಲೆ ಆಗಿತ್ತು. ಅದನ್ನು ನೋಡುತ್ತ ಕೂರುತ್ತಿದ್ದಳು. ಒಂದು ಅನುಮಾನ ಅವಳನ್ನು ತಿನ್ನುತ್ತಿತ್ತು. ಅಪ್ಪ ಕೊನೆಗೆ ತನಗೆ ಹೇಳಿದ್ದಾದರೂ ನಿಜವೇ? ಗುರುತು ಕೊಡುವುದು ಮಗನಿಗೆ, ಮಗಳಲ್ಲವಾ ತಾನು. ನಾಲಿಗೆಯ ಅಭ್ಯಾಸ ಸಾಯುವಾಗ ಬಿಡುತ್ತದೆಯೇ?

ಐದನೆಯ ದಿನ ಬೆಳಿಗ್ಗೆ ಇಳಿತ ಮುಗಿಯುತ್ತ ಬಂದ ಹೊತ್ತಿಗೆ ಗಳ ಹೆಗಲಿಗೇರಿಸಿ ದಂಡೆಗೆ ಹೋದಳು. ಅಪ್ಪನ ದೋಣಿಯನ್ನು ಒಬ್ಬಳೇ ನೂಕಿದಳು. ಕೆಸರು ಬಿಡಲಿಲ್ಲ. ಇನ್ನೊಂದು ಸಲ ನೂಕುವಾಗ ಪಕ್ಕದಲ್ಲಿ ಇನ್ನೆರಡು ಕೈ ಬಂದವು. ಒಂದು ಹೆಬ್ಬೆರಳಿನಲ್ಲಿ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಕಲ್ಲಿಗೆ ಉಜ್ಜಿದೆ ಕಣೇ, ಹೋಗ್ತಿಲ್ಲ, ಎಂದಳು ಚಿಕ್ಕಮ್ಮ. ಇವಳು ಹುಟ್ಟು ಅವಳ ಕೈಗೆ ಕೊಟ್ಟಳು.

ಚಿಮಣಿಯ ಹಿಂದೆ ಮೊದಲು ಟ್ಯಾಂಕು ಬಂತು. ಅವರ ಕಲ್ಲುಗಳು ಹೂತ ಜಾಗ. ಇಬ್ಬರೂ ಆ ನೀರನ್ನು ನೋಡಲಿಲ್ಲ. ಮುಂದೆ ಹೋದರು. ಟ್ಯಾಂಕು ಸರಿಯಿತು. ಹೆಂಚಿನ ಮನೆಗಳು ಸರಿದವು. ಶಾಲೆಯ ಸೂರಿನ ಮೂಲೆ ಮೆಲ್ಲಗೆ ಬಂದು ಚಿಮಣಿಯ ಹಿಂದೆ ನಿಂತಿತು. ಆ ಕಡೆ ದೀಪಸ್ತಂಭ ಬೋಳುಗುಡ್ಡದ ಬಲಕ್ಕೆ ಸರಿಯಿತು. ನಿಲ್ಲಿಸು ಎಂದಳು. ನೀರೂ ನಿಂತಿತ್ತು.

ಗಳ ಇಳಿಬಿಟ್ಟಳು. ಒಂದು ಆಳು. ಎರಡು ಆಳು. ಇನ್ನೂ ಎರಡು ಪಟ್ಟಿ.

ಟಕ್ ಎಂದಿತು.

ಆ ಪೆಟ್ಟು ಬಿದಿರಿನುದ್ದಕ್ಕೂ ಏರಿ ಬಂದು ಅವಳ ಬಿರುಕು ಅಂಗೈಗೆ ಬಡಿಯಿತು. ಎತ್ತಿ ಮತ್ತೆ ಬಿಟ್ಟಳು. ಟಕ್. ಎತ್ತಿ ಮತ್ತೆ ಬಿಟ್ಟಳು. ಅಪ್ಪ ಅವಳಿಗೆ ಸುಳ್ಳು ಹೇಳಿರಲಿಲ್ಲ. ಐವತ್ತು ವರ್ಷದಲ್ಲಿ ಒಂದೇ ಒಂದು ಸಲ ನಿಜ ಹೇಳಿದ್ದ, ಅದನ್ನು ಮಗಳಿಗೆ ಹೇಳಿದ್ದ. ಅವಳೂ ಅದೇ ಮಧ್ಯಾಹ್ನ, ಅದೇ ಚಾಪೆಯ ಮೇಲೆ ಅವನಿಗೆ ನಿಜ ಹೇಳಿದ್ದಳು. ಅವಳು ಅವನದನ್ನು ನಂಬಿ ಇಲ್ಲಿ ತನಕ ಬಂದಿದ್ದಳು. ಅವನು ಅವಳದನ್ನು ನಂಬದೆ ಹೋಗಿದ್ದ.

ಸಿಕ್ಕಿತಾ ಎಂದು ಚಿಕ್ಕಮ್ಮ ಹಿಂದಿನಿಂದ ಕೇಳಿದಳು. ಇವಳು, ಅವತ್ತು ದೋಣಿಯಲ್ಲಿ ಕೂಗಬೇಕಾಗಿದ್ದಷ್ಟು ಜೋರಾಗಿ, ದಡಕ್ಕೂ ಕೇಳುವಂತೆ ಕೂಗಿದಳು.

"ಎರಡು ಆಳು, ಎರಡು ಮೊಳ. ಗಟ್ಟಿ. ಗಟ್ಟಿ ಅಪ್ಪಾ."

ಬರೆದುಕೊಳ್ಳುವವರು ಯಾರೂ ಇರಲಿಲ್ಲ. ಚಿಕ್ಕಮ್ಮ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಉಬ್ಬರ ಶುರುವಾಗಿ ದೋಣಿ ಸರಿಯುವ ತನಕ ಇವಳು ಗಳ ಬಿಡಲಿಲ್ಲ.